ಹಸಿ ಕಸದ ಪಾಲು

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದೇ ಒಂದು ದಿನದ ತೂಕ.

ಕಾಲುವೆಗೆ ಈಚೆ ಒಂದು ಊರು, ಆಚೆ ಒಂದು ಊರು, ನಡುವೆ ಒಂದು ಸೇತುವೆ. ಎರಡೂ ಊರಿನ ಕಸ ಹೋಗಿ ಬೀಳುತ್ತಿದ್ದುದು ಒಂದೇ ತಿಪ್ಪೆಗೆ. ಬಿದ್ದು ಬಿದ್ದು ಅದು ಗುಡ್ಡವಾಗಿತ್ತು. ಒಳಗೊಳಗೇ ಕೊಳೆತು ಹೊಗೆಯಾಡುತ್ತ, ಗಾಳಿ ಯಾವ ಕಡೆ ಬೀಸಿದರೆ ಆ ಕಡೆಯವರ ಮೂಗು ಮುಚ್ಚಿಸುತ್ತಿತ್ತು. ಕೊನೆಗೆ ಮೇಲಿನ ಕಚೇರಿಯಿಂದ ಅಪ್ಪಣೆ ಬಂತು. ಸಿಪ್ಪೆ, ಸೊಪ್ಪು, ಉಳಿದ ಊಟ, ಇಂಥ ಹಸಿ ಕಸ ಇನ್ನು ಗುಡ್ಡಕ್ಕೆ ಬೀಳಕೂಡದು. ಎರಡೂ ಪುರಸಭೆ ಸೇರಿ ಒಂದು ಗೊಬ್ಬರದ ಶೆಡ್ಡು ಕಟ್ಟಬೇಕು, ಖರ್ಚು ಹಂಚಿಕೊಳ್ಳಬೇಕು.

ಶೆಡ್ಡೇನೋ ಎದ್ದು ನಿಂತಿತು. ಹಂಚಿಕೊಳ್ಳುವುದು ಮಾತ್ರ ಆಗಲಿಲ್ಲ. ತಲೆ ಲೆಕ್ಕದಲ್ಲಿ ಎಂದರೆ ಆಚೆಯವರು ಮುಖ ತಿರುಗಿಸಿದರು, ಮನೆ ಲೆಕ್ಕದಲ್ಲಿ ಎಂದರೆ ಈಚೆಯವರು ಕಿವಿ ಮುಚ್ಚಿಕೊಂಡರು. ಇವರ ಪಂಚಾಯಿತಿ ಕೇಳಿ ಕೇಳಿ ಬೇಸತ್ತ ಮೇಲಿನ ಕಚೇರಿಯ ಅಧಿಕಾರಿಣಿ ಕಡ್ಡಿ ಮುರಿದಂತೆ ಹೇಳಿಬಿಟ್ಟರು: ಸೋಮವಾರ ಮಧ್ಯಾಹ್ನ ಎರಡೂ ಊರಿನ ಹಸಿ ಕಸದ ಗಾಡಿಗಳನ್ನು ತಮ್ಮ ಕಣ್ಣೆದುರಿಗೇ ತೂಗಬೇಕು. ಯಾರದು ಭಾರವೋ ಅವರ ಪಾಲು ಜಾಸ್ತಿ.

ಈಚೆಯೂರಿನ ಪುರಸಭೆಯಲ್ಲಿ ಕಸದ ವಿಭಾಗ ನೋಡಿಕೊಳ್ಳುತ್ತಿದ್ದ ಗುಮಾಸ್ತರನ್ನು ಊರೆಲ್ಲ ಕಸದ ಸಾಹೇಬರು ಎಂದೇ ಕರೆಯುತ್ತಿತ್ತು. ತಲೆಗೂದಲು ಕರ್ರಗಿದ್ದಾಗ ಆ ಕುರ್ಚಿಗೆ ಬಂದವರು. ಈಗ ಬೆಳ್ಳಗಾಗಿದ್ದರೂ ಕುರ್ಚಿ ಬದಲಾಗಿರಲಿಲ್ಲ. ದಿನಕ್ಕೆರಡು ಸಲ ಸೋಪು ಹಚ್ಚಿ ಮೀಯುವ ಮನುಷ್ಯ. ಆದರೂ ಯಾರದಾದರೂ ಮನೆಯ ಊಟಕ್ಕೆ ಹೋದರೆ ಪಕ್ಕದವರು ತಟ್ಟೆ ಎತ್ತಿಕೊಂಡು ಒಂದಿಷ್ಟು ಸರಿದು ಕೂರುತ್ತಿದ್ದರು. ಸಾಹೇಬರಿಗೆ ಜೀವನದಲ್ಲಿ ಒಂದೇ ಆಸೆ, ಜನನ ಪತ್ರದ ವಿಭಾಗ. ಅಲ್ಲಿಗೆ ಬರುವವರೆಲ್ಲ ನಗುನಗುತ್ತ ಬರುತ್ತಾರೆ. ಆ ಕುರ್ಚಿ ಹೋದ ತಿಂಗಳಷ್ಟೇ ಖಾಲಿಯಾಗಿತ್ತು.

ಸೋಮವಾರ ಬೆಳಿಗ್ಗೆ ಅಧ್ಯಕ್ಷರು ಅವರನ್ನು ಕರೆಸಿ ಬಾಗಿಲು ಮುಂದೆ ಮಾಡಿದರು.

"ನೋಡ್ರಿ ಸಾಹೇಬ್ರೆ, ಇವತ್ತು ನಮ್ಮ ಗಾಡಿ ಹೂವಿನಷ್ಟು ಹಗುರ ಇರಬೇಕು. ಹೇಗೆ ಅಂತ ನನ್ನ ಕೇಳಬೇಡಿ, ನನಗೆ ಗೊತ್ತಿರೋದೂ ಬೇಡ. ಸಂಜೆಗೆ ಜನನ ಪತ್ರದ ಕುರ್ಚಿ ನಿಮ್ಮದು."

"ಭಾರ ಆದ್ರೆ ಸಾರ್?"

"ಭಾರ ಆದ್ರೆ ಆ ಕುರ್ಚಿ ನಿಮಗೂ ಭಾರವೇ."

ಸಾಹೇಬರು ಬೀದಿ ಬೀದಿ ಸುತ್ತಿದರು. ಮನೆಮನೆಯ ಬಾಗಿಲಲ್ಲಿ ನಿಂತು, ಇವತ್ತೊಂದು ದಿನ ಹಸಿ ಕಸ ಹೊರಗೆ ಹಾಕಬೇಡಿ ಎಂದು ಪಿಸುದನಿಯಲ್ಲಿ ಹೇಳಿದರು. ಇಷ್ಟು ವರ್ಷ ಹಾಕಿ ಹಾಕಿ ಎಂದು ಗಂಟಲು ಹರಿದುಕೊಂಡ ಮನುಷ್ಯ ಈಗ ಬೇಡ ಎನ್ನುವುದು ಕೇಳಿ ಜನಕ್ಕೆ ಅನುಮಾನ ಹುಟ್ಟಿತು. ಎದುರುಮನೆಯ ಹೆಂಗಸಿಗೆ ಊರಿಟ್ಟ ಹೆಸರು ಮೈಕಮ್ಮ. ಆಕೆ ಸೊಂಟಕ್ಕೆ ಕೈಕೊಟ್ಟು ನಿಂತೇ ಕೇಳಿದರು.

"ಹಾಕದೆ ಏನ್ ಮಾಡಲಿ? ನಿನ್ನೆ ನೆಂಟರು ಬಂದಿದ್ರು. ಮೂಲೇಲಿರೋ ಬುಟ್ಟಿ ಆಗಲೇ ನನ್ನ ಜೊತೆ ಮಾತಾಡೋಕೆ ಶುರು ಮಾಡಿದೆ."

"ಒಂದೇ ದಿನ ಅಮ್ಮ. ಊರಿನ ಮರ್ಯಾದೆ ಪ್ರಶ್ನೆ."

"ಮರ್ಯಾದೆ ಊರಿಂದು, ವಾಸನೆ ನನ್ನ ಮನೇದು. ಚೆನ್ನಾಗಿದೆ ನಿಮ್ಮ ಲೆಕ್ಕ." ಮೈಕಮ್ಮ ಒಂದು ಗಳಿಗೆ ಯೋಚಿಸಿದರು. ಮುಖ ಅರಳಿತು. "ಹೋಗಲಿ ಬಿಡಿ. ಮಗಳನ್ನ ಆಚೆಯೂರಿಗೆ ಕೊಟ್ಟಿದೀನಲ್ಲ, ನೋಡಿ ಬಹಳ ದಿನ ಆಯ್ತು. ಹೋಗಿ ಬರ್ತೀನಿ. ಬರಿಗೈಲಂತೂ ಹೋಗಲ್ಲ."

ಮೈಕಮ್ಮನಿಗೆ ಹೊಳೆದದ್ದು ಮೈಕಮ್ಮನಲ್ಲೇ ಉಳಿದ ದಾಖಲೆ ಇಲ್ಲ. ಸ್ವಲ್ಪ ಹೊತ್ತಿನಲ್ಲೇ ಇಡೀ ಊರಿಗೆ ಆಚೆಯೂರಿನ ನೆಂಟರ ಮೇಲೆ ಎಲ್ಲಿಲ್ಲದ ಮಮತೆ ಉಕ್ಕಿತು. ಹತ್ತು ವರ್ಷದಿಂದ ಮಾತುಬಿಟ್ಟಿದ್ದ ಟೈಲರು ತಮ್ಮನ ಯೋಗಕ್ಷೇಮ ವಿಚಾರಿಸಲು ಹೊರಟ. ಕ್ಷೌರಿಕ ಅಂಗಡಿ ಮುಚ್ಚಿ ಅತ್ತೆಮನೆಗೆ ಹೊರಟ. ಎಲ್ಲರ ಕೈಯಲ್ಲೂ ಉಬ್ಬಿದ ಚೀಲ. ಬಸ್ಸಿನ ಕಂಡಕ್ಟರು ಮೂಗಿಗೆ ಕರ್ಚೀಫು ಕಟ್ಟಿಕೊಂಡು, ಚೀಲಕ್ಕೂ ಟಿಕೆಟ್ ಹರಿಯುತ್ತೇನೆಂದು ಹಟ ಹಿಡಿದ.

ಸಾಹೇಬರು ಬಸ್ ನಿಲ್ದಾಣದಲ್ಲಿ ನಿಂತು ನೋಡಿದರು. ಅವರು ಯಾರಿಗೂ ಹೋಗಿ ಎಂದಿರಲಿಲ್ಲ. ಹೋಗಬೇಡಿ ಎನ್ನುವ ಮನಸ್ಸೂ ಆಗಲಿಲ್ಲ. ಹಗುರವಾದ ಎದೆ ಹೊತ್ತು ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ಒಂದು ಚೀಲ ಚಾಚಿದಳು.

"ಊರಿನ ಕಸಕ್ಕೆ ದಾರಿ ಮಾಡಿದ್ರಿ. ಮನೇದಕ್ಕೆ?"

"ಎಲ್ಲಿಗೆ ತಗೊಂಡು ಹೋಗ್ಲಿ?"

"ಅಣ್ಣನ ಮನೆ ಇದೆಯಲ್ಲ. ಮೇಲೆ ನಾಲ್ಕು ಸೌತೆಕಾಯಿ ಇಟ್ಟಿದೀನಿ, ಯಾರಾದ್ರೂ ಇಣುಕಿದ್ರೆ ಇರಲಿ ಅಂತ. ಸೌತೆಕಾಯಿ ಮಾತ್ರ ವಾಪಸ್ ತನ್ನಿ."

ಹೆಂಡತಿಯ ಅಣ್ಣನಿಗೆ ಆಚೆಯೂರಿನ ಪುರಸಭೆಯಲ್ಲಿ ಇವರದೇ ಕೆಲಸ, ಕಸದ ವಿಭಾಗದ ಗುಮಾಸ್ತಿಕೆ. ಭಾವನ ಮನೆಗೇ ಕಸ ಒಯ್ಯಬೇಕೆ ಎಂದು ಸಾಹೇಬರ ಮನಸ್ಸು ಒಂದು ಸಲ ಹಿಂದೆ ಸರಿಯಿತು. ಜನನ ಪತ್ರದ ಕುರ್ಚಿ ಎರಡು ಸಲ ಮುಂದಕ್ಕೆ ತಳ್ಳಿತು. ಬಿಸಿಲಲ್ಲಿ ನಡೆದು ಸೇತುವೆಯ ನಡುಮಧ್ಯಕ್ಕೆ ಬರುವಷ್ಟರಲ್ಲಿ ಎದುರಿನಿಂದ ಒಬ್ಬರು ಬೆವರೊರೆಸಿಕೊಳ್ಳುತ್ತ ಬಂದರು. ಅವರ ಕೈಯಲ್ಲೂ ಒಂದು ಚೀಲ.

"ಏನ್ ಭಾವ, ಇಷ್ಟು ದೂರ?" ಎಂದರು ಸಾಹೇಬರು.

"ನಿಮ್ಮ ಮನೆಗೇ ಹೊರಟಿದ್ದೆ ಭಾವ. ತಂಗೀನ ನೋಡಿ ಬಹಳ ದಿನ ಆಯ್ತು. ನೀವು?"

"ನಾನೂ ನಿಮ್ಮ ಮನೆಗೇ. ನಿಮ್ಮ ತಂಗಿ ಸ್ವಲ್ಪ ಸೌತೆಕಾಯಿ ಕಳಿಸಿದ್ಲು."

"ನಾನೂ ಸ್ವಲ್ಪ ಕ್ಯಾರೆಟ್ ತಂದಿದೀನಿ."

ಇಬ್ಬರೂ ನಕ್ಕರು. ಸೌತೆಕಾಯಿಯ ಚೀಲದಿಂದ ಒಂದು ಹನಿ ತೊಟ್ಟಿಕ್ಕಿತು. ಕ್ಯಾರೆಟ್ಟಿನ ಚೀಲದಿಂದ ಎರಡು. ಆಚೆಯ ನೊಣಗಳು ಈಚೆಗೆ ಹಾರಿದವು, ಈಚೆಯವು ಆಚೆಗೆ, ಬೀಗರು ಉಪಚಾರ ಮಾಡಿಕೊಂಡಂತೆ. ಅಷ್ಟರಲ್ಲಿ ಎರಡು ಬಸ್ಸುಗಳು ಸೇತುವೆಯ ಮೇಲೆ ಒಂದನ್ನೊಂದು ದಾಟಿದವು. ಎರಡೂ ಕಿಕ್ಕಿರಿದಿದ್ದವು. ಎರಡರ ಕಿಟಕಿಗಳಲ್ಲೂ ಚೀಲಗಳು.

ಭಾವನವರ ನಗು ಮಾಸಿತು. "ಭಾವ, ನಿಮಗೂ ಕುರ್ಚಿ ಆಸೆ ತೋರಿಸಿದಾರಾ?"

"ಜನನ ಪತ್ರ."

"ನನಗೂ ಅದೇ."

ಇಬ್ಬರೂ ಸೇತುವೆಯ ಗೋಡೆಗೆ ಒರಗಿ ಕೂತರು. ಈಚೆಯೂರಿನ ಕಸ ಆಚೆಗೆ, ಆಚೆಯೂರಿನದು ಈಚೆಗೆ. ತೂಕ ಎಲ್ಲಿತ್ತೋ ಅಲ್ಲೇ. ಬಸ್ಸಿನವನಿಗೆ ಮಾತ್ರ ಲಾಭ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ನೆಂಟರು ಕೊಟ್ಟ ಚೀಲ ಬಿಚ್ಚಿ ನೋಡಿದವರು ಅದನ್ನು ಸಿಟ್ಟಿನಿಂದ ಒಯ್ದು ಹಾಕುವುದು ಬೀದಿಯ ಹಸಿ ಕಸದ ಗಾಡಿಗೇ.

ಸಾಹೇಬರು ಓಡೋಡಿ ಬಂದರೆ ಬೀದಿಯಲ್ಲಿ ಅದೇ ನಡೆದಿತ್ತು. ಗಾಡಿ ಬಸುರಿಯಂತೆ ತುಂಬಿ ನಿಂತಿತ್ತು. ಮೈಕಮ್ಮನ ಜಗುಲಿಯಲ್ಲಿ ಅವರ ಮಗಳ ಅತ್ತೆ ಕೂತಿದ್ದರು. ಇಬ್ಬರು ಬೀಗಿತ್ತಿಯರೂ ದಾರಿಯಲ್ಲಿ ಒಬ್ಬರಿಗೊಬ್ಬರು ಸಿಗದೆ ಪರಸ್ಪರರ ಮನೆ ಸೇರಿದ್ದರು, ಮೈಕಮ್ಮ ಈಗಷ್ಟೇ ವಾಪಸಾಗಿದ್ದರು.

"ಸೊಸೆ ಫೋನು ಮಾಡಿ ಹೇಳಿದ್ಲು. ಅವಳಿಗೆ ಕೊಳೆತ ಕುಂಬಳಕಾಯಿ ಕೊಡೋದಾ ನೀವು?" ಎಂದರು ಅತ್ತೆ.

"ನೀವು ತಂದಿದ್ದರಲ್ಲೇನು ಮುತ್ತಿತ್ತಾ? ನನ್ನದು ಕುಂಬಳಕಾಯಿ ಅಂತ ಗುರುತಾದ್ರೂ ಸಿಕ್ತು. ನಿಮ್ಮದು ಏನು ಅಂತ ಇನ್ನೂ ಹುಡುಕ್ತಾ ಇದೀನಿ."

ಸಾಹೇಬರು ನಡುವೆ ಬಾಯಿ ಹಾಕಿದರು. ಅಲ್ಲಿಯವರೆಗೆ ಕಚ್ಚಾಡುತ್ತಿದ್ದ ಇಬ್ಬರೂ ಒಂದಾಗಿ ಅವರ ಮೇಲೆ ತಿರುಗಿದರು. "ಎಲ್ಲ ಮಾಡಿದ್ದು ಇವರೇ," ಎಂದು ಮೈಕಮ್ಮ ಮೂರು ಬೀದಿಗೆ ಕೇಳುವಂತೆ ಸಾರಿದರು.

ಮಧ್ಯಾಹ್ನ ಹತ್ತಿರವಾಗುತ್ತಿತ್ತು. ಸಾಹೇಬರ ತಲೆ ಗಾಣದಂತೆ ಸುತ್ತಿತು. ಆಗ ಕಣ್ಣಿಗೆ ಬಿದ್ದದ್ದು ಒಣ ಕಸದ ಗಾಡಿ. ಅದನ್ನು ಇವತ್ತು ಯಾರೂ ತೂಗುವವರಿಲ್ಲ. ಹಸಿ ಕಸ ಬೇರೆ, ಒಣ ಕಸ ಬೇರೆ ಎಂದು ಊರಿನ ಗೋಡೆಗೋಡೆಗೂ ಬರೆಸಿದ ಕೈ ಅಂಗಿಯ ತೋಳು ಮಡಚಿತು. ಆಮೇಲೆ ಅದೇ ಕೈ ಸಲಿಕೆ ಹಿಡಿಯಿತು. ಹಸಿದೆಲ್ಲ ಕೆಳಗೆ, ಮೇಲೆ ಹಳೆಯ ಪೇಪರು, ರಟ್ಟು. ಗಾಡಿ ನೇರ ಹಳೆಯ ಗುಡ್ಡಕ್ಕೆ ಹೋಗಿ ಸುರಿದು ಬಂತು. ಅಲ್ಲಿ ಅದಕ್ಕೆ ಆಚೆಯೂರಿನ ಒಣ ಕಸದ ಗಾಡಿಯೂ ಎದುರಾಯಿತಂತೆ. ಯಾವ ಹಸಿ ಕಸ ಗುಡ್ಡಕ್ಕೆ ಬೀಳಬಾರದೆಂದು ಇಷ್ಟೆಲ್ಲ ಹೂಡಿದ್ದರೋ, ಆ ಗುಡ್ಡ ಹುಟ್ಟಿದಂದಿನಿಂದ ಅಷ್ಟು ಹಸಿ ಕಸವನ್ನು ಒಂದೇ ದಿನ ಕಂಡಿರಲಿಲ್ಲ.

ಲಾರಿ ತೂಗುವ ಕಟ್ಟೆಯ ಹತ್ತಿರ ಇಬ್ಬರು ಅಧ್ಯಕ್ಷರೂ ಹೊಸ ಅಳಿಯಂದಿರಂತೆ ಇಸ್ತ್ರಿ ಬಟ್ಟೆ ಹಾಕಿ ನಿಂತಿದ್ದರು, ಅವರ ಹಿಂದೆ ಸಾಹೇಬರೂ ಭಾವನವರೂ. ಅಧಿಕಾರಿಣಿ ಕೊಡೆ ಹಿಡಿದು ಸುಮ್ಮನೆ ನೋಡುತ್ತಿದ್ದರು. ಈಚೆಯೂರಿನ ಗಾಡಿಯಲ್ಲಿ ಒಂದು ಬುಟ್ಟಿ ಸಿಪ್ಪೆ ಇತ್ತು. ಆಚೆಯೂರಿನದರಲ್ಲಿ ಒಂದು ಎಲೆಕೋಸು, ಅದೂ ಅರ್ಧ.

"ನಮ್ಮ ಡ್ರೈವರ್ ದಪ್ಪ ಇದಾನೆ ಮೇಡಂ, ಅವನು ಇಳಿಯಲಿ," ಎಂದರು ಈಚೆಯ ಅಧ್ಯಕ್ಷರು. "ಅವನೇನು ಕಸ ಅಲ್ಲ."

"ಅದನ್ನ ಅವನ ಹೆಂಡತಿ ಹೇಳಬೇಕು," ಎಂದರು ಆಚೆಯ ಅಧ್ಯಕ್ಷರು.

ಡ್ರೈವರುಗಳು ಇಳಿದರು. ಎರಡು ಗಾಡಿಗೂ ಹೆಚ್ಚುಕಡಿಮೆ ಒಂದೇ ತೂಕ. ಗುಡ್ಡದ ಕಡೆಯಿಂದ ಗಾಳಿ ಬೀಸಿತು. ಅಧಿಕಾರಿಣಿ ಮೂಗು ಮುಚ್ಚಿಕೊಂಡರು.

"ಹಳೇ ವಾಸನೆ ಮೇಡಂ," ಎಂದರು ಇಬ್ಬರು ಅಧ್ಯಕ್ಷರೂ ಒಟ್ಟಿಗೆ. ಅವರು ಒಂದೇ ಮಾತು ಆಡಿದ್ದು ಅದೇ ಮೊದಲು.

"ಇಷ್ಟು ದೊಡ್ಡ ಊರುಗಳು, ಇಷ್ಟೇ ಹಸಿ ಕಸ," ಎಂದು ಅಧಿಕಾರಿಣಿ ತಲೆದೂಗಿದರು. "ನನಗೆ ಬಹಳ ಸಂತೋಷ ಆಯ್ತು. ಇಷ್ಟು ಕಡಿಮೆ ಮಾಡಿದೋರು ಯಾರು?"

ಹೊಗಳಿಕೆಯೋ ಬೈಗುಳದ ಪೀಠಿಕೆಯೋ ಅಧ್ಯಕ್ಷರಿಗೆ ತಿಳಿಯಲಿಲ್ಲ. ತಿಳಿಯದಿದ್ದಾಗ ಮಾಡುವುದನ್ನೇ ಮಾಡಿದರು. ಇಬ್ಬರ ಬೆರಳೂ ಸಾಹೇಬರ ಕಡೆ ಚಾಚಿದವು. "ನನ್ನದೇನೂ ಇಲ್ಲ ಮೇಡಂ, ಎಲ್ಲ ನಮ್ಮ ಭಾವನವರದೇ ತಲೆ," ಎಂದು ಭಾವನವರೂ ಸೇರಿಸಿದರು.

"ಹಾಗಿದ್ರೆ ಕೇಳಿ," ಎಂದರು ಅಧಿಕಾರಿಣಿ. "ನಿಮ್ಮ ಶೆಡ್ಡು ಪೂರ್ತಿ ಖಾಲಿನೇ ಇರುತ್ತೆ. ಹೆದ್ದಾರಿ ಪಕ್ಕದ ದೊಡ್ಡ ಊರಿನ ಹಸಿ ಕಸಕ್ಕೆ ಜಾಗ ಇಲ್ಲ. ನಾಳೆಯಿಂದ ಅದೆಲ್ಲ ಇಲ್ಲಿಗೇ ಬರುತ್ತೆ. ಖರ್ಚು ಮೂರು ಊರಿಗೂ ಸಮ."

ಅಧ್ಯಕ್ಷರ ಇಸ್ತ್ರಿ ಬಟ್ಟೆ ನಿಂತಲ್ಲೇ ಸುಕ್ಕಾಯಿತು.

"ಮೂರು ಊರಿಗೂ ಕಸದ ಉಸ್ತುವಾರಿ ಇವರೊಬ್ಬರಿಗೇ. ಇಂಥವರನ್ನ ಬೇರೆ ವಿಭಾಗಕ್ಕೆ ಯಾವ ಕಾರಣಕ್ಕೂ ಕಳಿಸಬೇಡಿ. ಆಚೆಯೂರಿನ ಗುಮಾಸ್ತರಿಗೆ ಇನ್ನು ಕಸದ ಕೆಲಸ ಇಲ್ಲ. ಬೇರೆ ಎಲ್ಲಾದ್ರೂ ಹಾಕಿಕೊಳ್ಳಿ."

"ನಮ್ಮಲ್ಲಿ ಜನನ ಪತ್ರದ ಕುರ್ಚಿ ಖಾಲಿ ಇದೆ," ಎಂದರು ಆಚೆಯ ಅಧ್ಯಕ್ಷರು. ಭಾವನವರು ನೆಲ ನೋಡುತ್ತ ನಿಂತರು. ತುಟಿ ಮಾತ್ರ ಕಿವಿಯವರೆಗೆ ಹೋಗಿತ್ತು.

ಸಾಹೇಬರು ಗಂಟಲು ಸರಿಮಾಡಿಕೊಂಡರು. "ಮೇಡಂ, ನನ್ನ ಸಂಬಳ?"

"ಮೂರು ಊರೂ ಹಂಚಿಕೊಳ್ಳುತ್ತೆ. ಯಾವ ಊರಲ್ಲಿ ಎಷ್ಟು ದಿನ ಇರ್ತೀರೋ ಆ ಊರಿನ ಪಾಲು ಅಷ್ಟು." ಇಷ್ಟು ಹೇಳಿ ಅಧಿಕಾರಿಣಿ ಕೊಡೆ ಮಡಚಿ ಜೀಪು ಹತ್ತಿದರು.

ಜೀಪಿನ ಧೂಳು ಇನ್ನೂ ಇಳಿದಿರಲಿಲ್ಲ, ಆಚೆಯ ಅಧ್ಯಕ್ಷರು ಸಾಹೇಬರ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದರು.

"ನಿಮ್ಮ ಮೇಲೆ ನಮಗೆ ಬಹಳ ಗೌರವ. ಒಂದೇ ಒಂದು ಬೇಡಿಕೆ. ನಮ್ಮೂರಿಗೆ ಮಾತ್ರ ಬರಬೇಡಿ. ನಿಮ್ಮ ಭಾವನ ಮನೆಗೆ ಬಂದ್ರೂ ಹಿತ್ತಲ ಕಡೆಯಿಂದ ಬನ್ನಿ."

ಸಾಹೇಬರು ತಿರುಗಿ ತಮ್ಮ ಅಧ್ಯಕ್ಷರ ಮುಖ ನೋಡಿದರು. ಅವರ ಮುಖದಲ್ಲಿ ಇನ್ನೂ ಹೆಚ್ಚಿನ ಗೌರವವಿತ್ತು.

"ಸಾಹೇಬ್ರೆ, ಹಗಲು ಹೊತ್ತು ನೀವು ಆದಷ್ಟು ಆಚೇನೇ ಇದ್ದುಬಿಡಿ. ಮಲಗೋಕೆ ಬೇಕಾದ್ರೆ ಬನ್ನಿ, ಅದನ್ನ ನಾವು ಲೆಕ್ಕಕ್ಕೆ ಹಿಡಿಯಲ್ಲ."

ಮರುದಿನ ಬೆಳಿಗ್ಗೆ ಸಾಹೇಬರು ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟರು. ಸೇತುವೆಯ ನಡುಮಧ್ಯದವರೆಗೆ ನಡೆದರು. ಆ ತುದಿಯಲ್ಲಿ ಆಚೆಯೂರಿನ ಜವಾನ ಕೈಯಾಡಿಸಿ ಬೇಡ ಎಂದ. ಈ ತುದಿಯಲ್ಲಿ ಈಚೆಯೂರಿನ ಜವಾನ ಕೈಯಾಡಿಸಿ ಮುಂದೆ ಹೋಗಿ ಎಂದ. ಸಾಹೇಬರು ಡಬ್ಬಿಯನ್ನು ಸೇತುವೆಯ ಗೋಡೆಯ ಮೇಲಿಟ್ಟು, ಪಕ್ಕದಲ್ಲಿ ತಾವೂ ಕೂತರು. ಹೆದ್ದಾರಿಯ ಕಡೆಯಿಂದ ದೊಡ್ಡ ಊರಿನ ಮೊದಲ ಲಾರಿ ತೊಟ್ಟಿಕ್ಕುತ್ತ ಬರುತ್ತಿತ್ತು. ಡ್ರೈವರು ಅವರ ಪಕ್ಕ ಬಂದು ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಕಸದ ಸಾಹೇಬ್ರು ನೀವೇ ಅಲ್ವಾ? ನಮ್ಮ ಅಧ್ಯಕ್ಷರು ನಿಮಗೆ ನಮಸ್ಕಾರ ಹೇಳಿದಾರೆ. ದೊಡ್ಡ ಊರಿನ ಕಡೆ ಬರೋ ತೊಂದರೆ ತಗೋಬೇಡಿ ಅಂದ್ರು."