ಹಪ್ಪಳ ವಾಪಸು ತಂದ ದಿನ

ವ್ಯಾಪಾರದಲ್ಲಿ ನೀತಿ ಎಂಬ ವಿಷಯದ ಮೇಲೆ ನಾನು ಎಷ್ಟು ಹೊತ್ತು ಬೇಕಾದರೂ ಮಾತನಾಡಬಲ್ಲೆ. ಇದು ಜಂಬವಲ್ಲ, ಹೊಟ್ಟೆಪಾಡು. ಕುಂದಾಪುರದ ಕಾಲೇಜೊಂದರಲ್ಲಿ ವಾಣಿಜ್ಯದ ಮೇಷ್ಟ್ರಾಗಿದ್ದ ನನಗೆ 'ವ್ಯವಹಾರದ ಸಾಮಾಜಿಕ ಹೊಣೆಗಾರಿಕೆ' ಎಂಬ ಅಧ್ಯಾಯ ವರ್ಷಕ್ಕೊಮ್ಮೆ ಎದುರಾಗುತ್ತಿತ್ತು. ಪಠ್ಯಪುಸ್ತಕ ಬರೆದವರು ಲಾಭದ ಪಾಠಗಳನ್ನೆಲ್ಲ ಮೊದಲಿಗಿಟ್ಟು ಇದನ್ನು ಕಟ್ಟಕಡೆಗೆ ತಳ್ಳಿದ್ದರು. ಅಲ್ಲಿಗೆ ತಲಪುವ ಹೊತ್ತಿಗೆ ಹೊರಗಿನ ಮರದಲ್ಲಿ ಮಾವಿನ ಮಿಡಿ ಬಿಟ್ಟು, ಹುಡುಗರ ಕಣ್ಣೆಲ್ಲ ಕಿಟಕಿಯಾಚೆ ಇರುತ್ತಿತ್ತು. ನಾನಂತೂ ಒಬ್ಬ ವ್ಯಾಪಾರಿಗೆ ಮಾಲೀಕರು, ಕೆಲಸಗಾರರು, ಗಿರಾಕಿಗಳು, ನೆರೆಹೊರೆ, ಹೀಗೆ ಯಾರ ಯಾರ ಬಗ್ಗೆ ಎಂತೆಂಥ ಹೊಣೆ ಇದೆ ಎಂಬುದನ್ನು ಗಂಟಲು ಒಣಗುವವರೆಗೆ ಹೇಳಿ ಮನೆಗೆ ಬರುತ್ತಿದ್ದೆ. ಮನೆಯಲ್ಲಿ ನನ್ನ ಹೆಂಡತಿ ಸರೋಜ ಹಪ್ಪಳ ಒತ್ತುತ್ತಿರುತ್ತಿದ್ದಳು.

ನಮ್ಮೂರಿಗೆ ರೈಲು ಬಂದ ಹೊಸತು ಅದು. ಪಕ್ಕದ ಮನೆಯ ಗಿರಿಜಕ್ಕನನ್ನು ಜೊತೆಗೆ ಸೇರಿಸಿಕೊಂಡು ಸರೋಜ ಹಲಸಿನ ಹಪ್ಪಳದ ವ್ಯಾಪಾರ ಶುರುಮಾಡಿದ್ದಳು. ಬೇಸಿಗೆ ಬಂತೆಂದರೆ ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಜಗಲಿಯಲ್ಲಿ ಹಲಸಿನಕಾಯಿ, ಅಡುಗೆಮನೆಯಲ್ಲಿ ಬೇಯುವ ತೊಳೆ, ಹಿತ್ತಿಲಲ್ಲಿ ಕುಟ್ಟುವ ಒರಳು, ತಾರಸಿಯ ತುಂಬ ಚಾಪೆ. ಈ ಹಪ್ಪಳದ ಸಂಸ್ಥೆಯಲ್ಲಿ ನನ್ನ ಹುದ್ದೆ ಕಾಗೆ ಓಡಿಸುವುದು. ರಜೆಯಲ್ಲಿ ಒಂದು ಕೋಲು ಹಿಡಿದು, ತಲೆಗೆ ಬೈರಾಸು ಸುತ್ತಿಕೊಂಡು ತಾರಸಿಯಲ್ಲಿ ಕೂತಿರುತ್ತಿದ್ದೆ. ದಾರಿಯಲ್ಲಿ ಹೋಗುವ ವಿದ್ಯಾರ್ಥಿಗಳು ನಮಸ್ಕಾರ ಮಾಡಿದರೆ ಕೋಲೆತ್ತಿ ಪ್ರತಿನಮಸ್ಕಾರ ಮಾಡುತ್ತಿದ್ದೆ.

ಒಂದು ದಿನ ಹಿಟ್ಟು ಕುಟ್ಟುವಾಗ ಒನಕೆ ತಾಗಿ ಸರೋಜಳ ಕೈಯ ಹಸಿರು ಗಾಜಿನ ಬಳೆ ಒಡೆಯಿತು. ಚೂರುಗಳೆಲ್ಲ ನೆಲಕ್ಕೇ ಬಿದ್ದಂತೆ ಕಂಡಿತು. ಅವಳು ಅವನ್ನು ಆರಿಸಿ ಕಿಟಕಿಯ ಮೇಲಿಟ್ಟಳು, ಕೆಲಸ ಮುಂದುವರಿಯಿತು. ಆ ದಿನದ ಹಪ್ಪಳ ಒಣಗಿ, ಕಟ್ಟುಗಳಾಗಿ, ಸಾಲಿಗ್ರಾಮ, ಬೈಂದೂರು, ಶಿರೂರಿನ ಅಂಗಡಿಗಳಿಗೆ ಹೋಯಿತು. ಆಮೇಲೊಂದು ಬೆಳಿಗ್ಗೆ ಕಿಟಕಿ ಒರೆಸುವಾಗ ಅವಳಿಗೆ ಏನನ್ನಿಸಿತೋ, ಚೂರುಗಳನ್ನು ಮೇಜಿನ ಮೇಲೆ ಒಂದಕ್ಕೊಂದು ತಾಗಿಸಿ ಬಳೆಯ ಆಕಾರಕ್ಕೆ ಜೋಡಿಸಿದಳು. ಬಳೆ ಪೂರ್ತಿಯಾಗಲಿಲ್ಲ. ಒಂದು ಕಡೆ ಅಕ್ಕಿಕಾಳಿನಷ್ಟು ಜಾಗ ಖಾಲಿ ಉಳಿಯಿತು.

"ಹ್ವಾಯ್, ಇಲ್ಲಿ ಬನ್ನಿ. ಒಂದ್ ಚೂರ್ ಕಾಂತಿಲ್ಲ" ಎಂದಳು.

ನಾನು ಸಮಾಧಾನ ಹೇಳಿದೆ. ಆ ಚೂರು ನೆಲಕ್ಕೆ ಬಿದ್ದು ಕಸದ ಜೊತೆ ಗುಡಿಸಿ ಹೋಗಿರಬಹುದು, ಒರಳಿನಿಂದ ಹಾರಿ ಹಿತ್ತಿಲಿನ ಹುಲ್ಲಿಗೆ ಬಿದ್ದಿರಬಹುದು, ಹಿಟ್ಟಿನಲ್ಲಿ ಸೇರಿರುವ ಸಂಭವ ಬಹಳ ಕಡಿಮೆ ಎಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ನೀವ್ ಕಾಲೇಜಗೆ ಪಾಠ ಮಾಡ್ತ್ರಲ್ದಾ, ಆ ಪುಸ್ತಕದಗೆ ಇದಕ್ ಎಂತ ಮಾಡ್ಕ್ ಅಂದೇಳಿ ಬರದಿತ್?"

ಗಿರಾಕಿಯ ಸುರಕ್ಷತೆಯೇ ಮೊದಲನೆಯ ಹೊಣೆ ಎಂದು ಬರೆದಿದೆ, ಎಂದು ಒಪ್ಪಿಕೊಳ್ಳಬೇಕಾಯಿತು.

"ಹಂಗಾರೆ ಅಂಗಿ ಹಾಯ್ಕಣಿ. ಎಲ್ಲಾ ಹಪ್ಪಳ ವಾಪಸ್ ತಪ್ಪ" ಎಂದು ಅವಳು, ತಂದದ್ದನ್ನು ತುಂಬಲು ದೊಡ್ಡ ಚೀಲಗಳನ್ನು ಹುಡುಕತೊಡಗಿದಳು. ಅಷ್ಟು ವರ್ಷ ಪಾಠ ಮಾಡಿದ್ದರೂ ಆ ಅಧ್ಯಾಯಕ್ಕಾಗಿ ಬಸ್ಸು ಹತ್ತಬೇಕಾಗುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ.

ಮೊದಲು ದಕ್ಷಿಣಕ್ಕೆ, ಸಾಲಿಗ್ರಾಮಕ್ಕೆ. ದಾರಿಯುದ್ದಕ್ಕೂ ನಾನು ಅಂಗಡಿಯಲ್ಲಿ ಹೇಳಬೇಕಾದ ಮಾತನ್ನು ಹದಮಾಡಿಕೊಂಡಿದ್ದೆ. "ಪ್ಯಾಕಿಂಗಿನಲ್ಲಿ ಸ್ವಲ್ಪ ಸುಧಾರಣೆ ಮಾಡುವ ಉದ್ದೇಶದಿಂದ..." ಎಂದು ಶುರುಮಾಡಿದ್ದೆ ಅಷ್ಟೆ. ಸರೋಜ ಮುಂದೆ ಬಂದು, "ಹಪ್ಪಳದಗೆ ಗಾಜಿನ ಚೂರ್ ಇಪ್ಪುಕೂ ಸಾಕ್. ಎಲ್ಲಾ ವಾಪಸ್ ಕೊಡಿ" ಎಂದು, ಚೂರು ಇದ್ದರೂ ಇರಬಹುದೆಂಬುದನ್ನು ಮುಚ್ಚಿಡದೆ ಹೇಳಿಬಿಟ್ಟಳು. ಅಂಗಡಿಯ ತುಂಬ ಗಿರಾಕಿಗಳಿದ್ದರು. ಅಂಗಡಿಯವರು ಕೈಯಲ್ಲಿದ್ದ ತಕ್ಕಡಿಯನ್ನು ಕೆಳಗಿಟ್ಟು, "ಅಮ್ಮ, ಸಣ್ಣ ಸ್ವರದಗೆ ಹೇಳಿ, ಜನ ಇದ್ರ್" ಎಂದರು. "ಜನ ಇದ್ರ್ ಅಂದೇಳಿಯೇ ಹೇಳೂದ್" ಎಂದಳು ಇವಳು. ಕಟ್ಟು ಕೊಂಡುಹೋದವರು ಯಾರು ಎಂದು ಅಲ್ಲೇ ವಿಚಾರಿಸಿದಳು. ದೇವಸ್ಥಾನದ ಹಿಂದಿನ ಮನೆಯೊಂದರ ಅಜ್ಜಿ ಮಾತ್ರ ಒಂದು ಕಟ್ಟು ಒಯ್ದಿದ್ದರು. ಹುಡುಕಿಕೊಂಡು ಹೋದರೆ ಅರ್ಧ ಆಗಲೇ ಕರಿದು ಮುಗಿದಿತ್ತು. ಉಳಿದರ್ಧ ಕೊಡಲು ಅಜ್ಜಿ ಒಪ್ಪಲಿಲ್ಲ. "ಲಾಯ್ಕಾಯಿತ್ ಮಗಾ. ನಂಗ್ ಹಲ್ಲೇ ಇಲ್ಲ, ನಾಲಿಗಿ ಮೇಲೇ ಕರಗ್ಸಿ ತಿಂಬುದ್. ಗಾಜಿದ್ರೆ ಗೊತ್ತಾತಿಲ್ದಾ?" ಎಂದರು. ಸರೋಜ ಅವರ ಕಾಲ ಬುಡದಲ್ಲಿ ಕೂತು, ಬೇರೆ ಕಟ್ಟು ತಂದುಕೊಡುತ್ತೇನೆಂದು ದೇವರ ಮೇಲೆ ಆಣೆ ಇಟ್ಟ ಮೇಲೆ ಕೈ ಸಡಿಲಿಸಿದರು.

ಅಲ್ಲಿಂದ ಉತ್ತರಕ್ಕೆ ತಿರುಗಿದೆವು. ಬೈಂದೂರಿನ ಕಾಮತರ ಅಂಗಡಿಗೆ ತಲಪುವಾಗ ಮಧ್ಯಾಹ್ನ ಮೀರಿತ್ತು. ಕಾಮತರು ಇದ್ದ ಕಟ್ಟುಗಳನ್ನೆಲ್ಲ ಎದುರಿಗೆ ತಂದಿಟ್ಟರು. ಆದರೆ ದೊಡ್ಡ ಕಟ್ಟೊಂದನ್ನು ಆಗಷ್ಟೇ ಶೀನ ಎಂಬವರು ಕೊಂಡುಹೋಗಿದ್ದರು. ಮುಂಬಯಿಯ ಕ್ಯಾಂಟೀನಿನಲ್ಲಿ ಅಡುಗೆಯವರು, ಇವತ್ತಿನ ಗಾಡಿಗೇ ಹೊರಡುವವರು. ಸರೋಜಳ ಮುಖ ಬಿಳಿಚಿತು. "ಮುಂಬೈಗ್ ಹ್ವಾದ್ರೆ ಮತ್ತೆ ಎಲ್ಲಿ ಅಂದೇಳಿ ಹುಡ್ಕೂದ್?" ಎನ್ನುತ್ತ ರಸ್ತೆಗೆ ಇಳಿದು ರಿಕ್ಷಾ ನಿಲ್ಲಿಸಿದಳು. ನಾನು ಚೀಲಗಳ ನಡುವೆ ಹೇಗೋ ತೂರಿಕೊಂಡೆ.

ಸ್ಟೇಷನ್ನಿನಲ್ಲಿ ಜನ ಗಾಡಿಗೆ ಕಾದು ನಿಂತಿದ್ದರು. ನನ್ನ ಹೆಂಡತಿ ಮದುವೆಯಾದಂದಿನಿಂದ ಬೀದಿಯಲ್ಲಿ ದನಿಯೆತ್ತಿದವಳಲ್ಲ. ಅಂಥವಳು ಪ್ಲಾಟ್‌ಫಾರ್ಮಿನ ಆ ತುದಿಯಿಂದ ಈ ತುದಿಗೆ, "ಇಲ್ಲಿ ಶೀನಣ್ಣ ಅಂದ್ರೆ ಯಾರ್?" ಎಂದು ಕೂಗುತ್ತ ನಡೆದಳು. ಹಗ್ಗ ಬಿಗಿದ ಪೆಟ್ಟಿಗೆಯ ಮೇಲೆ ಕೂತಿದ್ದ ಒಬ್ಬರು ಗಾಬರಿಯಿಂದ ಎದ್ದು ನಿಂತರು. ವಿಷಯ ಕೇಳಿದ ಮೇಲೆ ಅವರ ಮುಖ ಸಪ್ಪಗಾಯಿತು. "ಅಕ್ಕಾ, ರೂಮಗೆ ನಮ್ಮೂರ್ ಮಕ್ಳೆಲ್ಲ ಕಾಯ್ತಾ ಕೂತಿರ್ತೊ. ಹಪ್ಪಳ ಇಲ್ದೆ ಹ್ಯಾಂಗ್ ಹೋಪುದ್?"

ಸರೋಜ ಒಂದು ಕ್ಷಣ ಯೋಚಿಸಿ ಕಟ್ಟು ಬಿಚ್ಚಿಸಿದಳು. ಒಂದು ಹಪ್ಪಳ ತೆಗೆದು ಪಶ್ಚಿಮದ ಬಿಸಿಲಿಗೆ ಹಿಡಿದಳು. ತೆಳ್ಳಗೆ ಒತ್ತಿದ ಹಪ್ಪಳ, ಬೆಳಕಿಗೆ ಹಿಡಿದರೆ ಕೊತ್ತಂಬರಿ ಬೀಜದ ಸಿಪ್ಪೆಯೂ ಕಾಣುತ್ತಿತ್ತು. "ಗಾಜಿದ್ರೆ ಕಪ್ಪಗೆ ಕಾಂತ್. ಒಂದೊಂದೇ ಕಾಂಬ" ಎಂದಳು. ಶೀನಣ್ಣ ಒಂದು ಹಿಡಿದರು, ನಾನು ಒಂದು ಹಿಡಿದೆ. ಪಕ್ಕದಲ್ಲಿದ್ದ ಮೀನಿನ ಬುಟ್ಟಿಯ ಹೆಂಗಸು, "ನಂಗೂ ಕೊಡಿ, ಕಣ್ ಲಾಯ್ಕಿತ್" ಎಂದು ಕೈಚಾಚಿದಳು. ಮಗುವನ್ನೆತ್ತಿಕೊಂಡ ತಾಯಿ, ಬ್ಯಾಂಕಿನವರಂತೆ ಕಾಣುವ ಒಬ್ಬರು, ಪೋರ್ಟರು, ಹೀಗೆ ಒಬ್ಬೊಬ್ಬರಾಗಿ ಸೇರಿದರು. ನೋಡುನೋಡುತ್ತ ಪ್ಲಾಟ್‌ಫಾರ್ಮಿನ ಜನವೆಲ್ಲ ತಲೆಯೆತ್ತಿ, ಸೂರ್ಯನಿಗೆ ಹಪ್ಪಳ ಅಡ್ಡ ಹಿಡಿದು ನಿಂತಿದ್ದರು. ಯಾರೂ ನಗಲಿಲ್ಲ. ದೂರದ ಮುಂಬಯಿಯಲ್ಲಿರುವ, ಗುರುತಿಲ್ಲದ ಹುಡುಗರ ಗಂಟಲಿಗಾಗಿ ಅಷ್ಟು ಜನ ಕಣ್ಣು ಕಿರಿದುಮಾಡಿ ನೋಡುತ್ತಿದ್ದರು. ನಾನು ಕೈಯಲ್ಲಿದ್ದುದನ್ನು ನೋಡಿ ಮುಗಿಸಿ ಇನ್ನೊಂದನ್ನು ತೆಗೆದುಕೊಂಡೆ.

ಗಾಡಿ ಬಂದಾಗ ಇನ್ನೂ ಕೆಲವು ಉಳಿದಿದ್ದವು. ನೋಡಿ ಮುಗಿದವನ್ನು ಶೀನಣ್ಣ ಪೆಟ್ಟಿಗೆಗೆ ತುಂಬಿಕೊಂಡರು. ನೋಡದವನ್ನು ತಾವೇ ನಮ್ಮ ಚೀಲಕ್ಕೆ ಹಾಕಿ, ಬಾಗಿಲಲ್ಲಿ ನಿಂತು, "ಬತ್ತೆ ಅಕ್ಕಾ, ಬಪ್ಪೊರ್ಷ ನಿಮ್ಮನೆಗೇ ಬಂದ್ ತಕಂಡ್ ಹೋತೆ" ಎಂದು ಕೈಬೀಸಿದರು.

ಶಿರೂರಿನಲ್ಲಿ ನಮಗೆ ಅಂಥ ಮರ್ಯಾದೆ ಸಿಗಲಿಲ್ಲ. ಅಂಗಡಿಯವರು ಬಿಚ್ಚದ ಕಟ್ಟುಗಳನ್ನು ನಮ್ಮೆದುರು ದೂಡಿ, "ಇನ್ ಮ್ಯಾಲ್ ನಿಮ್ ಹಪ್ಪಳ ಬ್ಯಾಡ ಮರಾಯ್ರೆ" ಎಂದರು. ಸರೋಜ, "ಆಯ್ತ್, ನೀವ್ ಹೇಳೂದೂ ಸಮವೇ" ಎಂದು ಚೀಲ ಎತ್ತಿಕೊಂಡಳು. ಆ ಅಂಗಡಿಗೆ ನಮ್ಮ ಹಪ್ಪಳ ಮತ್ತೆ ಹೋಗಲೇ ಇಲ್ಲ.

ಮರುದಿನ ಬೆಳಿಗ್ಗೆ ಇವಳೂ ಗಿರಿಜಕ್ಕನೂ ಆ ಹಪ್ಪಳವನ್ನೆಲ್ಲ ನೀರಿನಲ್ಲಿ ನೆನೆಸಿ, ಕಲಸಿ, ಬಟ್ಟೆಯಲ್ಲಿ ಸೋಸತೊಡಗಿದರು. "ತಿಪ್ಪೆಗೆ ಸುರಿದರೆ ಮುಗಿಯಿತಲ್ಲ" ಎಂದೆ. "ದನ ತಿಂದ್ರೆ?" ಎಂದಳು. ನಮ್ಮ ಪುಸ್ತಕದಲ್ಲಿ ದನದ ಪ್ರಸ್ತಾಪ ಇರಲಿಲ್ಲ. ಬಿಸಿಲೇರುವ ಹೊತ್ತಿಗೆ ಶಿರೂರಿನ ಕಟ್ಟಿನ ಹಿಟ್ಟು ಸೋಸುತ್ತಿದ್ದ ಗಿರಿಜಕ್ಕ, "ಸರೋಜಾ" ಎಂದಷ್ಟೇ ಹೇಳಿ ಬಟ್ಟೆ ಬಿಡಿಸಿ ತೋರಿಸಿದರು. ಹಸಿರು, ಅಕ್ಕಿಕಾಳಿನಷ್ಟು. ಸರೋಜ ಅದನ್ನು ನೋಡಿ, ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡು ಒರಳಿಗೆ ಒರಗಿ ಕೂತುಬಿಟ್ಟಳು. ನಾನು ಅವಳನ್ನೇ ನೋಡುತ್ತ ನಿಂತೆ. ಇಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದರೂ ಆ ಹೊತ್ತಿಗೆ ಅವಳು ನನಗೆ ಗುರುತಿಲ್ಲದ ಯಾರೋ ದೊಡ್ಡವರಂತೆ ಕಂಡಳು. ಕುಡಿಯಲು ಒಂದು ಲೋಟ ನೀರು ತಂದುಕೊಡುವುದು ಬಿಟ್ಟರೆ ನನಗೆ ಬೇರೇನೂ ತೋಚಲಿಲ್ಲ.

ಅಂದಿನಿಂದ ಕೆಲಸದ ಹೊತ್ತಿಗೆ ಬಳೆ ತೆಗೆದಿಡುವ ನಿಯಮ ಬಂತು. "ಮುತ್ತೈದೆರ್ ಬರಿಗೈಯಗ್ ಇಪ್ಪುದಾ?" ಎಂದು ನನ್ನ ಅಮ್ಮ ಗಲಾಟೆ ಎಬ್ಬಿಸಿದರು. ಸರೋಜ ವಾದಕ್ಕೆ ನಿಲ್ಲದೆ ಅರಿಶಿನದ ದಾರ ತಂದು, ಅತ್ತೆಯ ಕೈಯಿಂದಲೇ ತನ್ನ ಮಣಿಕಟ್ಟಿಗೂ ಗಿರಿಜಕ್ಕನ ಮಣಿಕಟ್ಟಿಗೂ ಕಟ್ಟಿಸಿದಳು. ಅಮ್ಮ ಆಮೇಲೆ ದಿನಾ ಬಂದು ದಾರ ಇದೆಯೇ ಎಂದು ತಾವೇ ನೋಡಿಹೋಗುತ್ತಿದ್ದರು.

ಸುದ್ದಿ ಹೇಗೋ ಕಾಲೇಜಿಗೆ ತಲಪಿತು. ಒಂದು ದಿನ ಪ್ರಾಂಶುಪಾಲರು ನನ್ನನ್ನು ಕರೆದು, ವ್ಯಾಪಾರ ನೀತಿಯ ಬಗ್ಗೆ ಒಂದು ವಿಶೇಷ ಉಪನ್ಯಾಸ ಇಡೋಣ ಎಂದರು. ನಾನು ಕನ್ನಡಕ ಸರಿಮಾಡಿಕೊಂಡು, ಯಾವ ದಿನ ಬೇಕಾದರೂ ಸಿದ್ಧ ಎಂದೆ. ಅವರು ಸ್ವಲ್ಪ ಸಂಕೋಚದಿಂದ, "ಅಲ್ಲ, ನಿಮ್ಮ ಮನೆಯವರು ಬರಬಹುದೇ ಅಂತ" ಎಂದರು.

ಮನೆಗೆ ಬಂದು ವಿಷಯ ತಿಳಿಸಿದೆ. ಸರೋಜ ತೊಳೆ ಬಿಡಿಸುತ್ತಿದ್ದಳು. ಕೈಗೆ ಮೆತ್ತಿದ ಮೇಣಕ್ಕೆ ತೆಂಗಿನೆಣ್ಣೆ ತಿಕ್ಕುತ್ತ, ತಲೆಯೆತ್ತದೆ, "ನಂಗ್ ಪುರ್ಸೊತ್ತಿಲ್ಲ. ನೀವೇ ಹೋಯ್ ಮಾತಾಡಿ. ನಿಮ್ಗೆ ಅದೊಂದಾರೂ ಬತ್ತಲ್ದಾ" ಎಂದಳು.

ಹೋಗಿ ಮಾತನಾಡಿದೆ. ಬಹಳ ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು.