ಮುದ್ದೆ ಉಂಡವರ ಕೂದಲು ಪರೀಕ್ಷೆ ಕುರಿತು

ಸಂಖ್ಯೆ: ಮುದ್ದೆ/ಕೂದಲು/12-13/2025
ಸ್ಥಳ: ಹೆಬ್ಬಾಳ, ಮೈಸೂರು

ವಿಷಯ: ಕಚೇರಿ ಕ್ಯಾಂಟೀನಿನ ರಾಗಿಮುದ್ದೆಗೆ ಅಕ್ಕಿಹಿಟ್ಟು ಬೆರೆಸಲಾಗುತ್ತಿದೆ ಎಂಬ ದೂರಿನ ಬಗ್ಗೆ.

ಉಲ್ಲೇಖ: 1) ಅಧೀಕ್ಷಕರ ದೂರು. 2) ಅಡುಗೆಯ ಲಕ್ಷ್ಮಮ್ಮನವರನ್ನು ಕೆಲಸದಿಂದ ಏಕೆ ಬಿಡಿಸಬಾರದು ಎಂಬ ನೋಟಿಸು. 3) ಅವರ ಉತ್ತರ (ಹಿಟ್ಟಿನ ಬೆರಳಚ್ಚು ಸಹಿತ).

1. ಗಾಳಿಯಲ್ಲಿ ಹಗುರ ಇಂಗಾಲವೂ ಕೊಂಚ ಭಾರದ ಇಂಗಾಲವೂ ಇದ್ದು, ಭತ್ತದ ಎಲೆಯ ರೂಬಿಸ್ಕೊ ಎಂಬ ಕಿಣ್ವವು ಭಾರದ್ದನ್ನು ಕಂಡರೆ ಮುಖ ತಿರುಗಿಸುವುದಾಗಿ ತಿಳಿದುಬಂದಿದೆ. ರಾಗಿಯಲ್ಲಿ ಬೇರೊಂದು ಕಿಣ್ವ ಬಾಗಿಲಲ್ಲೇ ನಿಂತು ಬಂದವರನ್ನು ಹೆಚ್ಚು ವಿಚಾರಿಸದೆ ಒಳಗೆ ಕಳಿಸುವುದರಿಂದ ರೂಬಿಸ್ಕೊದ ಆಟ ಅಷ್ಟಾಗಿ ನಡೆಯುವುದಿಲ್ಲ. ಹೀಗಾಗಿ ಅಕ್ಕಿಗಿಂತ ರಾಗಿಯಲ್ಲಿ ಭಾರದ ಇಂಗಾಲ ಹೆಚ್ಚಿದ್ದು, ಈ ವ್ಯತ್ಯಾಸ ಉಂಡವರ ಕೂದಲಿನಲ್ಲಿ ಉಳಿಯುತ್ತದೆ.

2. ಆದ್ದರಿಂದ ಕ್ಯಾಂಟೀನಿನ ಊಟದ ರಿಜಿಸ್ಟರಿನಲ್ಲಿ ದಿನವೂ ಸಹಿ ಹಾಕುವ ಎಲ್ಲ ನೌಕರರೂ ಕೂದಲು ಹಾಜರುಪಡಿಸತಕ್ಕದ್ದೆಂದು ಸೂಚಿಸಲಾಗಿತ್ತು. ಬೊಕ್ಕತಲೆಯವರು ಮೀಸೆಯನ್ನೂ, ಮೀಸೆಯಿಲ್ಲದವರು ಹುಬ್ಬನ್ನೂ ಸಲ್ಲಿಸಬಹುದಾಗಿತ್ತು. ಚೌರಿಯನ್ನು ಪುರಸ್ಕರಿಸಲಾಗಿಲ್ಲ.

3. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಮರುದಿನವೇ ಹದಿನಾಲ್ಕು ಮಂದಿ ನೌಕರರು ನಂಜನಗೂಡಿಗೆ ಹೋಗಿ ಮುಡಿ ಕೊಟ್ಟು ಬಂದಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಇನ್ನು ಮುಂದೆ ಭಕ್ತಿಗೆ ಮೂರು ದಿನ ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು. ಸದರಿಯವರ ಮೀಸೆಗಳನ್ನು ಪ್ರಯೋಗಾಲಯಕ್ಕೆ ಕಳುಹಿಸಲಾಗಿದೆ.

4. ಕಬ್ಬೂ ರಾಗಿಯಂತೆಯೇ ಎಂದು ಎಲ್ಲಿಯೋ ಓದಿ, ಹಿಂದಿನ ದಿನ ಅರ್ಧ ಕಿಲೋ ಮೈಸೂರು ಪಾಕ್ ತಿಂದು ಬಂದ ಸಹಾಯಕ ವಸಿಷ್ಠ ಅವರಿಗೆ, ಕೂದಲು ಒಂದೇ ದಿನದಲ್ಲಿ ಬೆಳೆಯುವುದಿಲ್ಲವೆಂದು ಈ ಮೂಲಕ ತಿಳಿಸಲಾಗಿದೆ. ಉಳಿದ ಪಾಕನ್ನು ಸಾಕ್ಷ್ಯವಾಗಿ ವಶಪಡಿಸಿಕೊಂಡು ಸಿಬ್ಬಂದಿ ಸಭೆಯಲ್ಲಿ ವಿಲೇವಾರಿ ಮಾಡಲಾಗಿದೆ.

5. ಲಕ್ಷ್ಮಮ್ಮನವರ ಉತ್ತರವನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಅಗಿದು ನೋಡ್ದೆ, ಅಕ್ಕಿ ರುಚಿ ಬಂತು ಅಂತ ದೂರಲ್ಲಿ ಬರ್ದವ್ರೆ. ಮುದ್ದೆ ಯಾರಾದ್ರೂ ಅಗೀತಾರಾ ಸ್ವಾಮಿ? ನುಂಗ್ತಾರೆ ಕಣ್ರೀ! ನಾನೂ ಅದೇ ಪಾತ್ರೇಲಿ ಉಣ್ಣೋಳು. ಮೊದ್ಲು ನನ್ ಕೂದ್ಲೇ ಕಿತ್ಕಂಡ್ ನೋಡ್ಬುಡಿ."

6. ವರದಿ ಬಂದಿದೆ. ಲಕ್ಷ್ಮಮ್ಮನವರ ಕೂದಲಿನಲ್ಲೂ ದಿನವೂ ಉಂಡ ಹನ್ನೊಂದು ಜನರ ಕೂದಲಿನಲ್ಲೂ ರಾಗಿ ಢಾಳಾಗಿ ಕಂಡಿದೆ. ಪ್ರತಿದಿನ 'ಮುದ್ದೆ ಉಂಡಿದ್ದೇನೆ' ಎಂದು ರಿಜಿಸ್ಟರಿನಲ್ಲಿ ಸಹಿ ಹಾಕಿದ ಅಧೀಕ್ಷಕರ ಮೀಸೆಯಲ್ಲಿ ಅದರ ಸುಳಿವಿಲ್ಲ. ಅವರ ಮೇಜಿನ ಖಾನೆಯಲ್ಲಿ ಮೊಸರನ್ನದ ಡಬ್ಬಿ ಪತ್ತೆಯಾಗಿದೆ.

7. ನೋಟಿಸನ್ನು ಹಿಂಪಡೆಯಲಾಗಿದೆ. ಮೀಸೆಯಲ್ಲಿ ರಾಗಿ ಮೂಡುವವರೆಗೆ ಅಧೀಕ್ಷಕರು ಲಕ್ಷ್ಮಮ್ಮನವರ ಎದುರೇ ಕುಳಿತು ಉಣ್ಣತಕ್ಕದ್ದು. ಅಗಿಯತಕ್ಕದ್ದಲ್ಲ.

ಸಹಿ/-
(ಕೃಷ್ಣಸ್ವಾಮಿ)
ಅಧೀಕ್ಷಕರು, ಸದರಿ ದೂರುದಾರರು ಹಾಗೂ ಸದರಿ ಮೀಸೆಯವರು

ಪ್ರತಿಗಳು:
1. ಪ್ರಯೋಗಾಲಯಕ್ಕೆ, ಹೆಚ್ಚುವರಿ ಹುಬ್ಬುಗಳನ್ನು ಹಿಂದಿರುಗಿಸುವ ಕೋರಿಕೆಯೊಂದಿಗೆ.
2. ಮುಡಿ ಕೊಟ್ಟ ಹದಿನಾಲ್ವರಿಗೆ, ಬಿಸಿಲಿನಲ್ಲಿ ಟೋಪಿ ಧರಿಸುವ ಸೂಚನೆಯೊಂದಿಗೆ.
3. ಶ್ರೀಮತಿ ಲಕ್ಷ್ಮಮ್ಮ ಅವರಿಗೆ. ಕ್ಷಮಾಪಣೆಗೆ ಇಲಾಖೆಯಲ್ಲಿ ನಿಗದಿತ ನಮೂನೆ ಇಲ್ಲದ ಕಾರಣ ಕೆಳಗೆ ಕೈಯಿಂದಲೇ ಬರೆಯಲಾಗಿದೆ:

ತಪ್ಪಾಯ್ತು ಕಣಮ್ಮ.