ಡಿಸ್ಕಿಗೆ ನಿದ್ದೆ, ಅಳಿಯನಿಗೆ ಎಚ್ಚರ

ಬ್ಯಾಟರಿಯನ್ನು ಗೆದ್ದೇ ತೀರುತ್ತೇನೆಂದು ವಿನೋಬನಗರದ ರೂಪೇಶ್ ತೊಡೆ ತಟ್ಟಿ ನಿಂತಿದ್ದ! ಅವನ ಹಳೆಯ ಲ್ಯಾಪ್‌ಟಾಪ್ ಪ್ಲಗ್ ಕಿತ್ತ ಅರ್ಧ ಗಂಟೆಗೆಲ್ಲ ಕಣ್ಣು ಮುಚ್ಚುತ್ತಿತ್ತು. ಹೊಸ ಬ್ಯಾಟರಿ ಕೊಳ್ಳುವುದು ಹೇಡಿಗಳ ದಾರಿ. ವೀರ ರೂಪೇಶ್ ಸೆಟ್ಟಿಂಗಿಗೇ ಕೈ ಹಾಕಿದ.

"ನೋಡೇ ಮಂಜು, ಸೇವ್ ಒತ್ತಿದಾಗೆಲ್ಲ ಒಳಗಿನ ಡಿಸ್ಕ್ ಎದ್ದು ಗಿರಗಿರ ತಿರುಗುತ್ತೆ, ಕರೆಂಟ್ ತಿನ್ನುತ್ತೆ. ಈಗ ಬರೆದದ್ದೆಲ್ಲ ಮೆಮೊರೀಲೇ ಇಟ್ಕೊಂಡು, ಗಂಟೆಗೊಂದ್ಸಲ ಒಟ್ಟಿಗೆ ಡಿಸ್ಕಿಗೆ ಇಳಿಸೋ ಹಾಗೆ ಮಾಡಿದೀನಿ. ಅಲ್ಲೀವರ್ಗೂ ಡಿಸ್ಕಿಗೆ ನಿದ್ದೆ!"

"ಭಾನುವಾರದ ನಿಮ್ಮ ಹಾಗೆ ಅನ್ನಿ," ಎಂದಳು ಹೆಂಡತಿ ಮಂಜುಶ್ರೀ. "ಅಷ್ಟ್ರೊಳಗೆ ಬ್ಯಾಟರಿ ಹೋದ್ರೆ?"

"ಎಲ್ಲಿಗೆ ಹೋಗುತ್ತೆ ಮಾರಾಯ್ತಿ? ಅದಕ್ಕೇನು ಕಾಲಿದೆಯಾ?"

ಕಾಲಿರಲಿಲ್ಲ, ನಿಜ. ಆದರೆ ಮನೆಯಲ್ಲಿ ಅವನ ಅಮ್ಮ ಸುವರ್ಣಮ್ಮ ಇದ್ದರು.

ಅಂದು ಭದ್ರಾವತಿಯ ಕಾಗದನಗರದಲ್ಲಿ ಮಾವ ಭೈರಪ್ಪನವರಿಗೆ ಎಪ್ಪತ್ತರ ಸನ್ಮಾನ. ಅಭಿನಂದನಾ ಭಾಷಣ ಅಳಿಯನದು. ಮದುವೆಯಾದಾಗಿನಿಂದ ತನ್ನನ್ನು 'ಬಾಯಿಲ್ಲದ ಬಸವಣ್ಣ' ಎನ್ನುವ ಮಾವನ ಮುಂದೆ ಮಾನ ಉಳಿಸಿಕೊಳ್ಳಲು ಇದೊಂದೇ ಅವಕಾಶ! ಬೆಳಿಗ್ಗೆ ಪ್ಲಗ್ ಕಿತ್ತಿಟ್ಟು, ಒಂದೇ ಉಸಿರಿಗೆ ಪುಟಗಟ್ಟಲೆ ಕುಟ್ಟಿ ಸೇವ್ ಒತ್ತಿದ. ಬ್ಯಾಟರಿ ಜಪ್ಪಯ್ಯ ಅಂದರೂ ಕಣ್ಣು ಮುಚ್ಚಲಿಲ್ಲ. ಗೆದ್ದೆನೆಂದು ಹಾಡಿಕೊಳ್ಳುತ್ತ ಸ್ನಾನಕ್ಕೆ ಹೋದ.

ಭದ್ರಾವತಿಯ ದಾರಿಯಲ್ಲಿ ಕಾರು ಮಲವಗೊಪ್ಪ ದಾಟುವಾಗ, ಭಾಷಣವನ್ನೊಮ್ಮೆ ಓದೋಣವೆಂದು ಲ್ಯಾಪ್‌ಟಾಪ್ ತೆರೆದರೆ ಪರದೆ ಕಪ್ಪು! ತಿರುಗಿಸಿ ನೋಡಿದರೆ ಬ್ಯಾಟರಿಯೇ ಇಲ್ಲ!

"ಸೆಲ್ ನಾನೇ ತೆಗೆದಿಟ್ಟೆ ಕಣೋ," ಎಂದರು ಹಿಂದೆ ಕೂತಿದ್ದ ಸುವರ್ಣಮ್ಮ, ಬಟ್ಟೆಯಲ್ಲಿ ಸುತ್ತಿದ ಬ್ಯಾಟರಿ ಚಾಚುತ್ತ. "ಪರದೆ ಆರಿತ್ತು. ಬಳಸ್ದೇ ಇರೋವಾಗ ಒಳಗೇ ಬಿಟ್ರೆ ಸೋರಲ್ವಾ? ಟಾರ್ಚಿಂದೂ ಹಾಗೇ ತೆಗೆದಿಡ್ತೀನಲ್ಲ!"

ಬ್ಯಾಟರಿ ಹಾಕಿ ಹುಡುಕಿದರೆ 'ಪೂಜ್ಯ ಮಾವನವರೇ' ಎಂಬ ಒಂದು ಸಾಲೂ ಉಳಿದಿರಲಿಲ್ಲ. ಡಿಸ್ಕು ಏಳುವ ಮೊದಲೇ ಎಲ್ಲ ಹಾರಿಹೋಗಿತ್ತು. ಕಾರು ಓಡಿಸುತ್ತಿದ್ದ ಮಂಜುಶ್ರೀ ಬಿದ್ದು ಬಿದ್ದು ನಕ್ಕಳು. ರೂಪೇಶನಿಗೆ ಅಳುವೇ ಬಂತು.

ಸಭೆಯಲ್ಲಿ ಬರಿಗೈಯಲ್ಲೇ ಮೈಕಿನ ಮುಂದೆ ನಿಂತ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ: "ನಮ್ಮ ಮಾವ ಮಗಳಿಗೆ ಕಾರು ಓಡಿಸೋದು ಕಲಿಸಿದ್ರು. ನನಗೆ ಪಕ್ಕದಲ್ಲಿ ಸುಮ್ನೆ ಕೂರೋದು ಕಲಿಸಿದ್ರು. ಅದಕ್ಕೇ ನಮ್ಮ ಸಂಸಾರ ಸುಖವಾಗಿದೆ. ಅವರು ನೂರು ವರ್ಷ ಬಾಳ್ಲಿ. ಎಲ್ರೂ ಊಟಕ್ಕೆ ಏಳಿ!"

ಚಪ್ಪಾಳೆಯೋ ಚಪ್ಪಾಳೆ! ಕೆಲವರು ಶಿಳ್ಳೆಯನ್ನೂ ಹೊಡೆದರು. ಭೈರಪ್ಪನವರು ಕಣ್ಣೊರೆಸಿಕೊಂಡು ಅಳಿಯನನ್ನು ತಬ್ಬಿಕೊಂಡರು. ರೂಪೇಶನ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು. ಅಷ್ಟರಲ್ಲಿ ಮಂಜುಶ್ರೀ ಅಪ್ಪನ ಕಿವಿಯಲ್ಲಿ ನಡೆದದ್ದನ್ನೆಲ್ಲ ಊದಿದಳು.

"ಅಳಿಯಂದ್ರೇ, ಬರೋ ತಿಂಗಳು ನಮ್ಮ ಗೆಳೆಯ ಶಿವರಾಮನ ಸನ್ಮಾನ. ಅಲ್ಲೂ ನೀವೇ ಮಾತಾಡ್ಬೇಕು!" ಎಂದ ಭೈರಪ್ಪನವರು ಸುವರ್ಣಮ್ಮನವರತ್ತ ತಿರುಗಿ ಕೈಮುಗಿದರು. "ಬೀಗ್ರೇ, ನೀವಂತೂ ತಪ್ಪಿಸ್ಲೇಬೇಡಿ. ಬ್ಯಾಟರಿ ತೆಗೆಯೋರು ಬೇಕಲ್ಲ!"